ಸೊನ್ನೆ ಹಾಕು ಅಂದ್ರು, ಹಾಕಿದೆ

ಊರಮನೆಗೆ ಕರೆಂಟು ಬಂದಿದ್ದು ಯಾವಾಗ ಅಂತ ಅಪ್ಪನಿಗೂ ಅತ್ತೆಗೂ ಫೋನಿನಲ್ಲೇ ಜಗಳ ಹತ್ತಿತ್ತು. ಅಪ್ಪ 1974 ಅಂದರು. ಅತ್ತೆ ಬಿಡಲಿಲ್ಲ. "ನನ್ನ ಮದುವೆ 71ರಲ್ಲಿ. ಚಪ್ಪರದಲ್ಲಿ ಬಲ್ಬು ಉರಿದಿದ್ದು ನಂಗೆ ನೆನಪಿಲ್ವಾ? ಅಪ್ಪಯ್ಯನ ಡೈರಿಯಲ್ಲೇ ಇದೆ, ನಾನೇ ಓದಿ ಹೇಳಿ ಬರೆಸಿದ್ದೀನಿ. ಹುಡುಕೋ ನೀನು" ಅಂತ ನನ್ನ ತಲೆಗೆ ಕಟ್ಟಿದರು.

ಅಜ್ಜ 1966ರಿಂದ 1987ರವರೆಗೆ ದಿನಕ್ಕೆ ಎರಡು ಸಾಲು ಬರೆದಿದ್ದಾರೆ. ಅಡಿಕೆ ರೇಟು, ಮಳೆ, ಯಾರು ಬಂದರು, ಯಾರು ದುಡ್ಡು ಕೊಡಲಿಲ್ಲ, ಇಷ್ಟೇ. ಮನೆಮಂದಿ ಹಂಚಿಕೊಂಡು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೆವು. ತಿಂಗಳಿಗೊಂದು ಟೆಕ್ಸ್ಟ್ ಫೈಲ್, ಒಟ್ಟು 264.

ಒಂದೊಂದೇ ತೆರೆದು ಓದುವ ತಾಳ್ಮೆ ನನಗಿಲ್ಲ. ಗ್ರೆಪ್ ಇದೆಯಲ್ಲ. ಅಜ್ಜ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸುತ್ತಿದ್ದ ಕಾಲದಲ್ಲೇ, ಅಂದರೆ 1973ರ ಹೊತ್ತಿಗೆ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಬರೆದ ಪ್ರೋಗ್ರಾಮ್ ಅದು. ಫೈಲುಗಳನ್ನು ಸಾಲುಸಾಲಾಗಿ ಓದುತ್ತದೆ, ನಾವು ಕೊಟ್ಟ ಮಾದರಿ ಇರುವ ಸಾಲನ್ನು ಮಾತ್ರ ಎತ್ತಿ ತೋರಿಸುತ್ತದೆ.

'ಕರೆಂಟು' ಅಂತ ಕೊಟ್ಟೆ. ಸ್ವಲ್ಪವೇ ಸಿಕ್ಕಿತು. ತಪ್ಪು ನನ್ನದೇ. ಕನ್ನಡದಲ್ಲಿ ಪದದ ಬಾಲ ಸುಮ್ಮನಿರುವುದಿಲ್ಲ: ಕರೆಂಟಿಗೆ, ಕರೆಂಟಿನ, ಕರೆಂಟಿಲ್ಲ. ಬಾಲ ಕತ್ತರಿಸಿ 'ಕರೆಂಟ' ಅಂತ ಕೊಟ್ಟರೆ ಇವೆಲ್ಲ ಸಿಗುತ್ತವೆ. 'ಟಿ'ಯಲ್ಲಿ ಟ, ಗುಣಿತದ ಗುರುತು ಎರಡೂ ಬೇರೆ ಬೇರೆ ಅಕ್ಷರವಾಗಿ ಕೂತಿರುತ್ತವೆ, ಹಾಗಾಗಿ 'ಕರೆಂಟಿಗೆ'ಯೂ ಸಿಗುತ್ತದೆ. ಆದರೆ ಅಷ್ಟೇ ಸಾಲದು, ಅಜ್ಜ ಒಮ್ಮೊಮ್ಮೆ 'ಲೈಟು' ಅಂತಲೂ ಬರೆಯುತ್ತಿದ್ದರು. ನಡುವೆ 'ಇದು ಇಲ್ಲವೇ ಅದು' ಅನ್ನುವ ಅರ್ಥದ ಒಂದು ನೆಟ್ಟನೆ ಗೀಟು ಹಾಕಿ 'ಕರೆಂಟ|ಲೈಟ' ಅಂತ ಕೊಟ್ಟೆ. ಸಾಲುಗಳು ಸುರಿದವು. ಮುಕ್ಕಾಲುಪಾಲು 'ಕರೆಂಟಿಲ್ಲ' ಅನ್ನುವವೇ! ಎಲ್ಲಕ್ಕಿಂತ ಹಳೆಯ ಸಾಲು 1974ರ ಜನವರಿಯದು.

ಅಪ್ಪ ಗೆದ್ದರು ಅಂತ ಅತ್ತೆಗೆ ಫೋನ್ ಮಾಡಲು ಹೊರಟವನು ಯಾಕೋ ನಿಂತೆ. ಎಂಟು ವರ್ಷ ಒಂದೂ ಇಲ್ಲ, ಆಮೇಲೆ ಧಾರಾಳ. ಅದೂ ಸರಿಯಾಗಿ ಜನವರಿಯಿಂದ. 1973ರ ಒಂದು ಫೈಲ್ ತೆರೆದು ಕಣ್ಣಲ್ಲೇ ಓದಿದೆ. ನಾಲ್ಕನೇ ಸಾಲಿನಲ್ಲೇ ಕರೆಂಟು ಕೂತಿದೆ!

ಆ ಪದವನ್ನು ಕಾಪಿ ಮಾಡಿ ಗ್ರೆಪ್‌ಗೆ ಕೊಟ್ಟರೆ ಸಿಗುತ್ತದೆ. ಕೈಯಲ್ಲಿ ಟೈಪ್ ಮಾಡಿ ಕೊಟ್ಟರೆ ಇಲ್ಲ. ಎರಡನ್ನೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಹಾಕಿ ಒಂದೊಂದು ಅಕ್ಷರದ ಯೂನಿಕೋಡ್ ನಂಬರ್, ಅಂದರೆ ಕಂಪ್ಯೂಟರು ಆ ಅಕ್ಷರವನ್ನು ಗುರುತಿಸುವ ಸಂಖ್ಯೆ, ಕೇಳಿದೆ. ನನ್ನ ಅನುಸ್ವಾರ 3202. ಫೈಲಿನಲ್ಲಿದ್ದದ್ದು 3302, ಅಂದರೆ ಕನ್ನಡದ ಅಂಕಿ ಸೊನ್ನೆ. ನೋಡಲು ಎರಡೂ ಒಂದೇ ಥರ ದುಂಡಗೆ.

1973ರವರೆಗೆ ಟೈಪ್ ಮಾಡಿದ್ದು ಅತ್ತೆಯ ಮೊಮ್ಮಗ. ಕೇಳಿದೆ. "ಅಜ್ಜಿ ಓದಿ ಹೇಳ್ತಿದ್ರು. 'ರೆ'ಗೆ ಸೊನ್ನೆ ಹಾಕು ಅಂದ್ರು, ಹಾಕಿದೆ" ಅಂದ. ಬೈಯುವುದು ಯಾರನ್ನು? ನಾನೂ ಶಾಲೆಯಲ್ಲಿ ಅದನ್ನು ಸೊನ್ನೆ ಅಂತಲೇ ಕಲಿತಿದ್ದು.

ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿಬಿಡೋಣ ಅಂತ ಹೊರಟೆ. ಹುಡುಗ ಇಸವಿಗಳನ್ನೂ ರೇಟುಗಳನ್ನೂ ಕನ್ನಡ ಅಂಕಿಯಲ್ಲೇ ಹಾಕಿದ್ದ. ೧೯೭೦ರ ಬಾಲದ ಸೊನ್ನೆಯೂ ಅನುಸ್ವಾರವಾಗಿ ಕೂತಿತು. ಪುಣ್ಯಕ್ಕೆ ಕಾಪಿ ಇತ್ತು. ಆಮೇಲೆ, ಹಿಂದೆ ಅಂಕಿ ಇಲ್ಲದ ಸೊನ್ನೆಯನ್ನು ಮಾತ್ರ ಹಿಡಿಯುವ ಹಾಗೆ ಮಾದರಿ ಬರೆದೆ. ಅದು ಬೇರೆಯೇ ಒಂದು ಸಂಜೆಯ ಕೆಲಸ.

ಅವತ್ತಿಗೆ ಮಾತ್ರ ಚೌಕ ಆವರಣದೊಳಗೆ ಎರಡನ್ನೂ ಇಟ್ಟೆ: 'ಕರೆ[ಂ೦]ಟ'. ಎರಡರಲ್ಲಿ ಯಾವುದಿದ್ದರೂ ಹಿಡಿ ಅಂತ ಅದರ ಅರ್ಥ. 1969ರ ನವೆಂಬರ್ ಫೈಲಿನಿಂದ ಒಂದು ಸಾಲು ಬಂತು: "ಸಂಜೆ ಮನೆಗೆ ಕರೆಂಟು ಬಂತು. ಊಟಕ್ಕೆ ಕೂರುವಷ್ಟರಲ್ಲಿ ಹೋಯಿತು."

ಇಬ್ಬರಿಗೂ ಓದಿ ಹೇಳಿದೆ. "ನಾನು ಹೇಳ್ಲಿಲ್ವಾ?" ಅಂದರು ಅತ್ತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋಯಿತು ಅಂತಾನೂ ಬರೆದಿದ್ದಾರಲ್ಲ. ನೆಟ್ಟಗೆ ಬಂದಿದ್ದು 74ರಲ್ಲೇ."