ವಾಚ್‌ಮನ್ ಬೇಡದ ಬಾಗಿಲು

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ಪುಣೆಯ ಕನ್ನಡದ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಭಾಷಣದ ಬಾಯಿಪಾಠ ಶುರುವಾಗುತ್ತದೆ. ಇಂಥ ಸ್ಪರ್ಧೆಗೆ ಹೋಗಿ ಕೂತಿದ್ದರೆ ನಿಮಗೂ ಗೊತ್ತಿರುತ್ತದೆ. ಎಲ್ಲ ಮಕ್ಕಳೂ ಮುದ್ದೇನಹಳ್ಳಿಯಲ್ಲಿ ಬಸ್ ಹತ್ತಿ ಕನ್ನಂಬಾಡಿಯಲ್ಲಿ ಇಳಿಯುತ್ತಾರೆ. ನಡುವೆ ಬೀದಿದೀಪದ ಹತ್ತಿರ ಒಂದು ಸ್ಟಾಪ್. ಕೊಟ್ಟ ಮೂರು ನಿಮಿಷದಲ್ಲಿ ಒಂದು ನಿಮಿಷ ‘ವೇದಿಕೆಯನ್ನು ಅಲಂಕರಿಸಿರುವ’ವರಿಗೇ ಖರ್ಚು.

ನಮ್ಮ ಸೊಸೈಟಿಯ ವಾಚ್‌ಮನ್ ಮಗಳೂ ಹಿಂದಿನ ವರ್ಷದ ರಾಜ್ಯೋತ್ಸವಕ್ಕೆ ಹೀಗೇ ಮಾತಾಡಿದ್ದಳು. ವಿಜಯಪುರ ಕಡೆಯವರು. ಹುಡುಗಿ ಓದುವುದು ಮರಾಠಿ ಶಾಲೆ. ಕನ್ನಡ ಅಕ್ಷರ ಕಲಿತದ್ದು ಭಾನುವಾರಗಳಂದು ನಮ್ಮ ಮನೆಯ ಊಟದ ಮೇಜಿನ ಮೇಲೆ. ಅವತ್ತು ಯಾರೋ ಬರೆದುಕೊಟ್ಟಿದ್ದ ಭಾಷಣ ಉರು ಹೊಡೆದು ಬಂದಿದ್ದಳು. ಕಣ್ಣು ಮೇಲಿನ ಫ್ಯಾನಿನ ಮೇಲೆ, ಬೆರಳು ಓಢಣಿಯ ತುದಿ ತಿರುಚುತ್ತಿತ್ತು. ನಡುವೆ ಒಂದು ಪದ ಮರೆತು ಹೋಯಿತು. ಏನು ಮಾಡಿದಳು ಗೊತ್ತಾ? ಮತ್ತೆ ‘ಮಾನ್ಯ ಅಧ್ಯಕ್ಷರೇ’ ಅಂತ ಮೊದಲಿನಿಂದ ಶುರು ಮಾಡಿ, ಅದೇ ವೇಗದಲ್ಲಿ ಓಡಿ ಬಂದು, ಆ ಪದವನ್ನು ಹಾರಿ ಆಚೆ ಹೋದಳು. ಕೆಳಗಿಳಿದು ಕೇಳಿದ ಮೊದಲ ಮಾತು, “ಅಕ್ಕಾ, ಎಷ್ಟು ಲಗೂ ಮುಗಿಸಿದೆ ನೋಡಿದ್ರಿ?”

ಮುಂದಿನ ಮಳೆಗಾಲದಲ್ಲಿ ಒಂದು ದಿನ ಖಡಕ್‌ವಾಸ್ಲಾದಿಂದ ನೀರು ಬಿಟ್ಟು ಭಿಡೆ ಪೂಲ್ ಮುಳುಗಿತು. ಪುಣೆಯವರಿಗೆ ಇದು ಪ್ರತಿ ಮಳೆಗಾಲದ ಸುದ್ದಿ. ಅಣೆಕಟ್ಟಿನ ಬಾಗಿಲು ತೆಗೆದರೆ ಮುಠಾ ನದಿ ಮೊದಲು ನುಂಗುವುದು ಆ ತಗ್ಗು ಸೇತುವೆಯನ್ನೇ. ನೀರು ನೋಡಿ ಬಂದವಳು ಅದನ್ನೇ ಹೇಳುತ್ತಿದ್ದಳು. ಆ ಅಣೆಕಟ್ಟಿಗೂ ವಿಶ್ವೇಶ್ವರಯ್ಯನವರಿಗೂ ನಂಟಿದೆ ಅಂದೆ. “ಅವರು ಮೈಸೂರಿನವರಲ್ಲೇನ್ರಿ?” ಅಂದಳು. ನಂಬಲೇ ಇಲ್ಲ.

ಅವರು ಎಂಜಿನಿಯರಿಂಗ್ ಓದಿದ್ದು ಇಲ್ಲೇ ಪುಣೆಯಲ್ಲಿ, ಕೆಲಸಕ್ಕೆ ಸೇರಿದ್ದು ಆಗಿನ ಮುಂಬೈ ಪ್ರಾಂತ್ಯದಲ್ಲಿ. ಮೈಸೂರಿನ ದಿವಾನರಾದದ್ದು 1912ರಲ್ಲಿ. ಅದಕ್ಕೂ ಮುಂಚೆ, 1903ರಲ್ಲಿ, ತಾನಾಗಿ ತೆರೆದುಕೊಳ್ಳುವ ಅವರ ಬಾಗಿಲುಗಳನ್ನು ಖಡಕ್‌ವಾಸ್ಲಾಗೆ ಕೂರಿಸಿದ್ದರು. ಕಟ್ಟೆಯ ಗೋಡೆ ಎತ್ತರಿಸದೆ ಜಾಸ್ತಿ ನೀರು ಹಿಡಿಯುವ ಉಪಾಯ ಅದು. ಮಕ್ಕಳ ಭಾಷಣದಲ್ಲಿ ಇದು ಬಂದರೂ ಅರ್ಧ ಸಾಲು. ಊರಿನ ನಲ್ಲಿಯಲ್ಲಿ ಬರುವ ನೀರಿನ ಕತೆ ಬಿಟ್ಟು ನೂರಾರು ಮೈಲಿ ದೂರದ ಕಟ್ಟೆ ಹೊಗಳುವುದು ಯಾಕೋ ನನಗಂತೂ ಅರ್ಥವಾಗುವುದಿಲ್ಲ.

ಸ್ವಾರಗೇಟ್‌ನಿಂದ ಬಸ್ ಹಿಡಿದು ಇಬ್ಬರೂ ಹೋಗಿ ನೋಡಿ ಬಂದೆವು. ಸುಟ್ಟ ಮೆಕ್ಕೆತೆನೆ ಕಚ್ಚುತ್ತಾ ಅವಳು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಹಳೇ ಬಾಗಿಲು ಯಾವುದು? ಈಗ ಯಾಕಿಲ್ಲ? 1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆದಾಗ ಆ ನೀರಿನ ಹೊಡೆತಕ್ಕೆ ಇದೂ ಒಡೆದು, ಊರೊಳಗೆ ಪ್ರವಾಹ ನುಗ್ಗಿತ್ತು, ಆಮೇಲೆ ಕಟ್ಟೆಯನ್ನು ಮತ್ತೆ ಕಟ್ಟಿದರು ಅಂತ ಹೇಳಿದೆ. ತೆನೆ ತಿನ್ನುವುದು ನಿಲ್ಲಿಸಿದಳು.

ಈ ಸಲದ ವಿಶ್ವೇಶ್ವರಯ್ಯ ಸ್ಪರ್ಧೆಗೆ ಭಾಷಣ ಬರೆದುಕೊಡುವುದಿಲ್ಲ ಅಂತ ನಾನು ಮೊದಲೇ ಹೇಳಿಬಿಟ್ಟಿದ್ದೆ. ಅಭ್ಯಾಸ ಹೇಗೆಂದರೆ, ನಾನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಚಪಾತಿ ಲಟ್ಟಿಸುವುದು, ಅವಳು ಹಾಲ್‌ನಿಂದ ಹೇಳುವುದು. ತಿಳಿಯದ ಕಡೆ ನಾನು “ಆಂ?” ಅನ್ನಬೇಕು. ಮೊದಮೊದಲು ಮಾತಿಗೊಂದು ‘ಆಂ’. ಸಿಟ್ಟು ಬಂದು ಚಪ್ಪಲಿ ಮೆಟ್ಟಿ ಹೋಗಿಬಿಡುತ್ತಿದ್ದಳು. ಬರಬರುತ್ತಾ ನಾನು ಬಾಯಿ ತೆಗೆಯುವ ಮುಂಚೆ ಅವಳೇ ನಿಂತು, “ಇಲ್ಲಿ ತಿಳೀಲಿಲ್ಲಲ್ಲ? ತಡೀರಿ, ಬ್ಯಾರೆ ಥರ ಹೇಳ್ತೀನಿ” ಅನ್ನತೊಡಗಿದಳು. ಅವಳು ಭಾಷಣ ಕಲಿತದ್ದು ಆ ವಾರವೇ ಅಂತ ನನ್ನ ಲೆಕ್ಕ. ವೇದಿಕೆ ಹತ್ತಿದ್ದು ಸುಮ್ನೆ ಆಮೇಲಿನ ಮಾತು.

ಭಾಷೆಯದ್ದೊಂದು ತಕರಾರಿತ್ತು. ‘ಐತಿ’, ‘ಅದಾವ’ ವೇದಿಕೆ ಮೇಲೆ ನಡೆಯುವುದಿಲ್ಲ ಅಂತ ಅವಳಿಗೇ ಅಳುಕು. ನಾನು ಶಿವಮೊಗ್ಗದವಳು, ನನ್ನ ಮಾತು ಅವಳ ಬಾಯಿಗೆ ಹಾಕುವುದು ಬೇಡ ಅನ್ನಿಸಿತು. ಹೇಗಿದೆಯೋ ಹಾಗೇ ಹೇಳು ಅಂದೆ.

ಸ್ಪರ್ಧೆಯ ಭಾನುವಾರ ಹಾಲ್ ತುಂಬ ಜನ. ಆ ವರ್ಷ ಗಣಪತಿ ತಡವಾಗಿ ಬಂದಿದ್ದರಿಂದ ಹೊರಗೆ ಮೈದಾನದಲ್ಲಿ ಢೋಲ್-ತಾಶಾ ತಂಡದ ಪ್ರ್ಯಾಕ್ಟೀಸ್ ಇನ್ನೂ ನಡೆದಿತ್ತು. ಅವಳ ಸರದಿ ಬಂತು. ಅಧ್ಯಕ್ಷರಿಗೊಂದು ನಮಸ್ಕಾರ, ಅಷ್ಟೇ. “ಭಿಡೆ ಪೂಲ್ ಮುಳುಗಿದ್ದು ಯಾರ್‍ಯಾರು ನೋಡೀರಿ?” ಅಂತ ಶುರು ಮಾಡಿದಳು. ಹಿಂದಿನ ಸಾಲಲ್ಲಿ ಫೋನ್ ನೋಡುತ್ತಿದ್ದವರ ತಲೆ ಮೇಲೆದ್ದಿತು. ಬಾಗಿಲಿನ ವಿಷಯಕ್ಕೆ ಬರುವ ಹೊತ್ತಿಗೆ ಹೊರಗೆ ಢೋಲು ಜೋರಾಯಿತು. ನನಗೆ ಎದೆ ಡವಡವ. ಅವಳು ದನಿ ಏರಿಸಲಿಲ್ಲ. ನಿಂತಳು. ಗಡಿಯಾರ ಓಡುತ್ತಿತ್ತು, ಆದರೂ ನಿಂತಳು. ಢೋಲು ಇಳಿದ ಮೇಲೆ ಎರಡೂ ಅಂಗೈ ಮುಂದೆ ಅಡ್ಡ ಹಿಡಿದಳು.

“ನೀರು ಹಳೇ ಮಟ್ಟಕ್ಕಿಂತ ಸುಮಾರು ಎಂಟು ಅಡಿ ಏರೂ ತನಕ ಈ ಬಾಗಿಲಾ ಹಿಂಗ ಮುಚ್ಚಿರತಾವ. ಅದಕ್ಕೂ ಮ್ಯಾಲೆ ಬಂತಂದ್ರ ತಾವ ತೆಗೀತಾವ. ನೀರು ಇಳೀತಂದ್ರ ತಾವ ಮುಚ್ಕೋತಾವ. ನಮ್ಮಪ್ಪ ವಾಚ್‌ಮನ್ ಅದಾನ. ಯಾರರೆ ರಾತ್ರಿ ಎರಡಕ್ಕ ಬಂದು ಹಾರ್ನ್ ಹೊಡದ್ರ ಎದ್ದು ಗೇಟ್ ತೆಗೀತಾನ. ವಿಶ್ವೇಶ್ವರಯ್ಯನವರ ಗೇಟಿಗಿ ಮಾತ್ರ ವಾಚ್‌ಮನ್ ಬೇಕಾಗಿದ್ದಿಲ್ಲ.”

ಹಾಲ್ ನಕ್ಕಿತು. ಬಾಗಿಲ ಹತ್ತಿರ ಯೂನಿಫಾರ್ಮಿನಲ್ಲೇ ನಿಂತಿದ್ದ ಅವರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಪಾನ್‌ಶೆತ್ ವಿಷಯ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಅವಳು ವಾಕ್ಯ ಪೂರ್ತಿ ಮಾಡಿ ಇಳಿದಳು.

ಬಹುಮಾನ ಬರಲಿಲ್ಲ. “ವಿಷಯ ಚೆನ್ನಾಗಿದೆ, ಭಾಷೆ ಇನ್ನಷ್ಟು ಶುದ್ಧವಾಗಿರಬೇಕಿತ್ತು” ಅಂದರು ತೀರ್ಪುಗಾರರೊಬ್ಬರು. ವಿಜಯಪುರದಲ್ಲಿ ಲಕ್ಷಗಟ್ಟಲೆ ಜನ ದಿನಾ ಆಡುವ ಮಾತಿಗೆ ಯಾವ ಸೋಪು ಹಾಕಿ ತೊಳೆಯಬೇಕೋ ಗೊತ್ತಿಲ್ಲ. ನನಗೆ ರೇಗಿತು, ಅವಳಿಗೆ ಅಷ್ಟೇನೂ ಬೇಜಾರಾದಂತೆ ಕಾಣಲಿಲ್ಲ. ಅಷ್ಟರಲ್ಲಿ ಅಜ್ಜ ಒಬ್ಬರು ಅವಳನ್ನು ಹುಡುಕಿಕೊಂಡು ಬಂದಿದ್ದರು. ಪಾನ್‌ಶೆತ್ ಒಡೆದಾಗ ಅವರು ಶನಿವಾರ ಪೇಠೆಯಲ್ಲಿ ಬಾಡಿಗೆಗಿದ್ದ ಹುಡುಗನಂತೆ.

ಹೊಗಳಿಕೆ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. “ನಿಮ್ಮ ಮನಿಯಾಗ ನೀರು ಎಲ್ಲೀ ಮಟ ಬಂದಿತ್ರಿ? ನೀವು ಎಲ್ಲಿಗಿ ಓಡಿದ್ರಿ? ಮೊದಲು ಯಾರು ಬಂದು ಹೇಳಿದ್ರು?” ಅಂತ ಒಂದರ ಮೇಲೊಂದು ಕೇಳುತ್ತಿದ್ದಳು. ಅವರಪ್ಪ ಡ್ಯೂಟಿಗೆ ಹೊತ್ತಾಯಿತು ಅಂತ ಎರಡು ಸಲ ಕರೆದರು. “ಒಂದ್ನಿಮಿಷ ತಡಿಯಪ್ಪಾ, ಶಾಲಿಯಾಗ ಇದನ್ನ ಮರಾಠಿಯೊಳಗ ಹೇಳಬೇಕೈತಿ” ಅಂದು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಕಾರ್ಯಕ್ರಮ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದಳು.