ಜಿನ್‌ನಲ್ಲಿ ಕಾಮಕಸ್ತೂರಿ ಎಷ್ಟು ಹೊತ್ತು ನೆನೆಯಬೇಕು?

ಮೇ ತಿಂಗಳ ಕೊನೆಗೆ ಮೋಡ ಕಟ್ಟತೊಡಗಿದರೆ ಸಾಕು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. “ನೀವು ಹೇಳಿದಂತೆಯೇ ಜಿನ್‌ಗೆ ಸೊಪ್ಪು ಹಾಕಿಟ್ಟೆವು. ವಾರ ಬಿಟ್ಟು ತೆಗೆದರೆ ಬಣ್ಣ ಕಂದು, ರುಚಿ ಕಹಿ. ಎಷ್ಟು ದಿನ ಇಡಬೇಕು?” ನನ್ನ ಉತ್ತರ ಚಿಕ್ಕದು: ದಿನಗಟ್ಟಲೆ ಇಡಲೇಬಾರದು. ಕಾಮಕಸ್ತೂರಿಗೆ ಮೂರು ಗಂಟೆ ಸಾಕು. ಆದರೆ ಈ ಉತ್ತರವನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಕಾರಣವನ್ನೂ ಬರೆಯುತ್ತಿದ್ದೇನೆ.

ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ನಮಗೆ ಉಪ್ಪಿನಕಾಯಿ ಭರಣಿಯಿಂದ ಬಂದದ್ದು. ಮಾವಿನ ಮಿಡಿಗೆ ಅದು ಸರಿ. ಎಳೆಯ ಎಲೆಗೆ ಕಾಫಿ ಡಿಕಾಕ್ಷನ್ನಿನ ಲೆಕ್ಕ ಹಿಡಿಯಬೇಕು. ಫಿಲ್ಟರಿನಿಂದ ಮೊದಲು ಇಳಿಯುವುದರಲ್ಲಿ ಪರಿಮಳವೆಲ್ಲ ಇರುತ್ತದೆ. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿದರೆ ಬರುವುದು ಒಗರು ಮಾತ್ರ. ನಮ್ಮಲ್ಲಿ ಮಾರುವ ಜಿನ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಎಂದು ಬರೆದಿರುತ್ತದೆ. ಅಷ್ಟು ತೀಕ್ಷ್ಣವಾದ ಮದ್ಯವು ಎಲೆಯ ಸುಗಂಧ ತೈಲವನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ತೈಲ ಮುಗಿದ ಮೇಲೂ ಅದು ಸುಮ್ಮನಿರುವುದಿಲ್ಲ. ಎಲೆಯ ಹಸಿರು, ಒಗರು, ಕಹಿ ಎಲ್ಲವನ್ನೂ ಒಂದೊಂದಾಗಿ ಹೊರಗೆ ತರುತ್ತದೆ. ಆ ಹಸಿರೂ ಉಳಿಯುವುದಿಲ್ಲ, ಬೆಳಕು ಬಿದ್ದರೆ ಮಾಸಿ ಪಾಚಿ ಬಣ್ಣಕ್ಕೆ ಇಳಿಯುತ್ತದೆ. ನಾನು ಮೊದಲ ಬಾರಿ ಮಾಡಿದಾಗ ಬಾಟಲಿಯನ್ನು ಹತ್ತು ದಿನ ಕಿಟಕಿಯ ಪಕ್ಕದಲ್ಲಿಟ್ಟಿದ್ದೆ. ತೆರೆದಾಗ ಬಂದದ್ದು ಒಣಹುಲ್ಲಿನ ವಾಸನೆ. ಒಂದು ಇಡೀ ಬಾಟಲಿಯನ್ನು ಚೆಲ್ಲಿದ ಆ ಸಂಕಟ ಇನ್ನೂ ನೆನಪಿದೆ.

ತುಳಸಿ ಯಾಕಲ್ಲ ಎಂದೂ ಕೆಲವರು ಕೇಳುತ್ತಾರೆ. ಕಟ್ಟೆಯ ಮೇಲಿರುವ, ಅಮ್ಮ ದಿನವೂ ದೀಪ ಹಚ್ಚುವ ಗಿಡದಿಂದ ಎಲೆ ಕಿತ್ತು ಮದ್ಯಕ್ಕೆ ಹಾಕಲು ನನ್ನ ಕೈ ಏಳುವುದಿಲ್ಲ. ಅದರ ಅಗತ್ಯವೂ ಇಲ್ಲ. ತುಳಸಿಯ ಹತ್ತಿರದ ಬಂಧುವಾದ ಕಾಮಕಸ್ತೂರಿ ಇದೆಯಲ್ಲ! ಇಟಲಿಯ ಅಡುಗೆಯಲ್ಲಿ ಬೇಸಿಲ್ ಎಂದು ಕರೆಯುವುದು ಇದೇ ಜಾತಿಯ ಗಿಡವನ್ನು. ನಾವು ಅದನ್ನು ಮಾಲೆಗೆ ಸೇರಿಸಿ ಕಟ್ಟುತ್ತೇವೆ, ಬೇಸಿಗೆಯಲ್ಲಿ ಬೀಜವನ್ನು ನೆನೆಸಿ ಪಾನಕಕ್ಕೆ ಹಾಕುತ್ತೇವೆ, ಎಲೆಯನ್ನು ಮಾತ್ರ ಅಡುಗೆಮನೆಗೆ ತರುವುದನ್ನು ಮರೆತಿದ್ದೇವೆ. ಒಂದು ಎಚ್ಚರಿಕೆ: ಹೂವಿನ ಅಂಗಡಿಯಲ್ಲಿ ಸಿಗುವ ಕಾಮಕಸ್ತೂರಿ ತಿನ್ನುವುದಕ್ಕೆಂದು ಬೆಳೆದದ್ದಲ್ಲ, ಅದಕ್ಕೆ ಏನೇನು ಸಿಂಪಡಿಸಿರುತ್ತಾರೋ ಗೊತ್ತಾಗುವುದಿಲ್ಲ. ಒಂದು ಚಿಟಿಕೆ ಬೀಜವನ್ನು ಕುಂಡದಲ್ಲಿ ಉದುರಿಸಿದರೆ ಒಂದೂವರೆ ಎರಡು ತಿಂಗಳಲ್ಲಿ ಕೈತುಂಬ ಎಲೆ ಸಿಗುತ್ತದೆ.

ಇನ್ನು ಋತುವಿನ ಮಾತು. ಆಯುರ್ವೇದದಲ್ಲಿ ಋತುಸಂಧಿ ಎಂಬ ಸುಂದರವಾದ ಕಲ್ಪನೆ ಇದೆ. ಮುಗಿಯುತ್ತಿರುವ ಋತುವಿನ ಕೊನೆಯ ಏಳು ದಿನ, ಬರುತ್ತಿರುವ ಋತುವಿನ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನ. ಆ ಅವಧಿಯಲ್ಲಿ ಹಳೆಯ ಋತುವಿನ ಆಹಾರಕ್ರಮವನ್ನು ಒಮ್ಮೆಲೇ ಬಿಡದೆ, ಹೊಸದನ್ನು ಒಮ್ಮೆಲೇ ಹಿಡಿಯದೆ, ಮೆಲ್ಲಮೆಲ್ಲನೆ ಬದಲಾಯಿಸಿಕೊಳ್ಳಬೇಕು ಎನ್ನುತ್ತದೆ ಆ ಶಾಸ್ತ್ರ. ಮದ್ಯಕ್ಕೆ ಔಷಧದ ಹೆಸರು ಕೊಡಲು ನಾನು ಇದನ್ನು ಹೇಳುತ್ತಿಲ್ಲ. ಮದ್ಯ ಮದ್ಯವೇ, ಸೊಪ್ಪು ಹಾಕಿದ ಮಾತ್ರಕ್ಕೆ ಕಷಾಯವಾಗುವುದಿಲ್ಲ. ಆದರೆ ಲೋಟದೊಳಗೆ ಏನೇನು ಸೇರಬೇಕು ಎಂದು ಯೋಚಿಸುವಾಗ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ. ಹೋಗುತ್ತಿರುವ ಬೇಸಿಗೆಯಿಂದ ಒಂದು, ಬರುತ್ತಿರುವ ಮಳೆಯಿಂದ ಒಂದು.

ಬೇಸಿಗೆಯ ಪಾಲಿಗೆ ನಾನು ಆರಿಸಿಕೊಂಡಿರುವುದು ಮುರುಗಲನ್ನು. ದಕ್ಷಿಣ ಕನ್ನಡದವರಿಗೆ ಅದು ಪುನರ್ಪುಳಿ, ಪೇಟೆಯ ಅಂಗಡಿಗಳಲ್ಲಿ ಕೋಕಂ. ಏಪ್ರಿಲ್‌, ಮೇ ತಿಂಗಳಲ್ಲಿ ಹಣ್ಣಾಗಿ, ಮುಂಗಾರು ಹಿಡಿಯುವ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿರುತ್ತದೆ. ತಾಜಾ ಹಣ್ಣು ಸಿಕ್ಕವರು ಪುಣ್ಯವಂತರು: ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಜೋಡಿಸಿ ಕೆಲವು ದಿನ ಬಿಸಿಲಿಗಿಟ್ಟರೆ, ನೀರು ಸೋಕದೆಯೇ ದಾಳಿಂಬೆ ಬಣ್ಣದ ಪಾಕ ಬಿಟ್ಟುಕೊಳ್ಳುತ್ತದೆ. ಸಿಗದವರು 25 ಗ್ರಾಂ ಒಣಸಿಪ್ಪೆಯನ್ನು 250 ಮಿಲಿಲೀಟರ್ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಹಿಂಡಿ ಸೋಸಿ, ಆ ರಸದಷ್ಟೇ ತೂಕದ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿಕೊಳ್ಳಬಹುದು. ಉಪ್ಪು ಹಚ್ಚಿ ಒಣಗಿಸಿದ ಸಿಪ್ಪೆ ಬೇಡ, ಅದು ಸಾರಿಗೆ ಇರಲಿ. ಬೆಲ್ಲವೂ ಬೇಡ, ರುಚಿಗೆ ತೊಂದರೆಯಿಲ್ಲ, ಆದರೆ ಆ ಕೆಂಪು ಮಂಕಾಗುತ್ತದೆ, ನನಗೆ ಅದನ್ನು ನೋಡಲಾಗುವುದಿಲ್ಲ.

ಮಳೆಯ ಪಾಲಿಗೆ ಶುಂಠಿ ಮತ್ತು ಮಜ್ಜಿಗೆ ಹುಲ್ಲು, ಅಂದರೆ ಲೆಮನ್‌ಗ್ರಾಸ್. ಎರಡೂ ನಮ್ಮ ಕಷಾಯದ ಪಾತ್ರೆಗೆ ಹಳಬರು. ಮಜ್ಜಿಗೆ ಹುಲ್ಲು ನಾರಿನ ಸಸ್ಯ, ಕಾಮಕಸ್ತೂರಿಯ ಹಾಗೆ ಬೇಗ ಪರಿಮಳ ಬಿಡುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲಿಯೇ. ಎರಡನ್ನೂ ಒಟ್ಟಿಗೆ ಹಾಕಿ ಒಟ್ಟಿಗೆ ತೆಗೆಯುತ್ತಾರೆ. ಹಾಗೆ ಮಾಡಿದರೆ ಹುಲ್ಲು ಪರಿಮಳ ಬಿಡುವ ಹೊತ್ತಿಗೆ ಎಲೆ ಕೆಟ್ಟಿರುತ್ತದೆ, ಇಲ್ಲವೇ ಎಲೆ ಹದವಾಗಿದ್ದಾಗ ಹುಲ್ಲು ಇನ್ನೂ ಸುಮ್ಮನಿರುತ್ತದೆ. ನಾನು ರಾತ್ರಿ 250 ಮಿಲಿಲೀಟರ್ ಜಿನ್‌ಗೆ ಎರಡು ಎಸಳು ಮಜ್ಜಿಗೆ ಹುಲ್ಲನ್ನು ಬುಡಸಮೇತ ಜಜ್ಜಿ, ಕತ್ತರಿಸಿ ಹಾಕಿ, ಮುಚ್ಚಳ ಬಿಗಿದು ಕತ್ತಲೆಯ ಕಪಾಟಿನಲ್ಲಿಡುತ್ತೇನೆ. ಬೆಳಿಗ್ಗೆ ಸೋಸಿ, ಹದಿನೈದು ಕಾಮಕಸ್ತೂರಿ ಎಲೆಗಳನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಾರಿಸಿ, ಇಡಿಯಾಗಿಯೇ ಮುಳುಗಿಸುತ್ತೇನೆ. ಎಲೆಯನ್ನು ಜಜ್ಜಬಾರದು, ಹರಿಯಲೂಬಾರದು. ಗಾಯವಾದ ಎಲೆ ಹೆಚ್ಚಿದ ಬದನೆಕಾಯಿಯಂತೆ ಗಾಳಿ ತಾಗಿ ಕಪ್ಪಾಗುತ್ತದೆ. ತಿಳಿ ಹಸಿರು ಬಣ್ಣ ಬೇಕೇಬೇಕು ಎನ್ನುವವರು ಎಲೆಯನ್ನು ಕುದಿಯುವ ನೀರಿಗೆ ಹತ್ತು ಸೆಕೆಂಡು ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ನೀರಾರಿಸಿ ಆಮೇಲೆ ಬಳಸಬಹುದು.

ಒಂದು ಗಂಟೆಯಾದ ಮೇಲೆ ಅರ್ಧ ಚಮಚ ತೆಗೆದು, ಅಷ್ಟೇ ನೀರು ಬೆರೆಸಿ ರುಚಿ ನೋಡಿ. ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ. ಮೊದಲು ಬರುವುದು ಲವಂಗದ ನೆರಳಿರುವ ಸಿಹಿ ಪರಿಮಳ. ನಾಲಗೆಯ ಹಿಂಬದಿಯಲ್ಲಿ ಚಹಾ ಸೊಪ್ಪಿನಂಥ ಒಗರು ತೋರಿದ ಗಳಿಗೆ ಸೋಸಿಬಿಡಬೇಕು. ನನ್ನ ಮನೆಯ ಕುಂಡದ ಎಲೆಗೆ ಅದು ಮೂರು ಗಂಟೆ. ಬಿರುಬೇಸಿಗೆಯಲ್ಲಿ ಬೆಳೆದ ಎಲೆ ಖಾರವಾಗಿರುತ್ತದೆ, ಎರಡೇ ಗಂಟೆಗೆ ಮುಗಿಯುತ್ತದೆ. ನಾಲ್ಕು ಮಳೆ ಕುಡಿದ ಎಲೆಗೆ ಮೂರೂವರೆ ಬೇಕಾಗಬಹುದು. ಸೋಸಿದ ಜಿನ್ ಫ್ರಿಜ್ಜಿನಲ್ಲಿರಲಿ. ಎರಡು ವಾರದೊಳಗೆ ಬಳಸಿದರೆ ಒಳ್ಳೆಯದು.

ಲೋಟಕ್ಕೆ ಬೆರೆಸುವ ಕೆಲಸ ಐದು ನಿಮಿಷದ್ದು, ಶುಂಠಿ ರಸವನ್ನು ಮಾತ್ರ ಮೊದಲೇ ಸಿದ್ಧಮಾಡಿಕೊಳ್ಳಬೇಕು. ಶುಂಠಿ ತುರಿದು ಹಿಂಡಿ, ರಸವನ್ನು ಹತ್ತು ನಿಮಿಷ ಅಲುಗಿಸದೆ ಬಿಡಿ, ತಳದಲ್ಲಿ ಬಿಳಿಯ ಗಷ್ಟು ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ 45 ಮಿಲಿಲೀಟರ್ ಜಿನ್, 20 ಮಿಲಿಲೀಟರ್ ಮುರುಗಲು ಪಾಕ, ಒಂದು ಸಣ್ಣ ಚಮಚ ಶುಂಠಿ ತಿಳಿ, ಒಂದೆರಡು ಹರಳು ಉಪ್ಪು, ಡಬ್ಬಿ ತುಂಬ ಐಸ್ ಹಾಕಿ, ಹೊರಮೈ ಮಂಜುಗಟ್ಟುವವರೆಗೆ ಕುಲುಕಿ. ಉದ್ದ ಲೋಟಕ್ಕೆ ಸೋಸಿ, ಮೇಲೆ 90 ಮಿಲಿಲೀಟರ್ ಸೋಡಾ. ನಿಂಬೆರಸ ಬೇಡ, ಮುರುಗಲಿನ ಹುಳಿಯೇ ಸಾಕು. ಒಂದು ಎಲೆಯನ್ನು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ತೇಲಿಬಿಡಿ, ಲೋಟ ಬಾಯಿಗೆ ಬರುವ ಮೊದಲೇ ಪರಿಮಳ ಮೂಗಿಗೆ ಬರುತ್ತದೆ.

ನಮ್ಮ ಮನೆಯಲ್ಲಿ ಎಲ್ಲರೂ ಕುಡಿಯುವುದಿಲ್ಲ, ಅಮ್ಮನಂತೂ ಇಲ್ಲವೇ ಇಲ್ಲ. ಅವರಿಗೆಂದು ಪಾಕವನ್ನು ಒಲೆಯಿಂದ ಇಳಿಸಿ, ಬೆರಳು ತಡೆಯುವಷ್ಟು ಬೆಚ್ಚಗಾದಾಗ ಎಲೆಗಳನ್ನು ಅದರಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ ತೆಗೆಯುತ್ತೇನೆ. ಕುದಿಯುವಾಗ ಹಾಕಿದರೆ ಎಲೆ ಬೆಂದ ಸೊಪ್ಪಿನ ರುಚಿ ಕೊಡುತ್ತದೆ. ಆ ಪಾಕ, ಶುಂಠಿ ತಿಳಿ, ಸೋಡಾ, ಜೊತೆಗೆ ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ. ಇದಕ್ಕೆ ನಾನು ಎರಡನೆಯ ದರ್ಜೆ ಕೊಡುವುದಿಲ್ಲ. ಕೆಲವು ಸಂಜೆ ನಾನೂ ಇದನ್ನೇ ಕುಡಿಯುತ್ತೇನೆ.

ರೋಹಿಣಿ ಮಳೆಯ ದಿನಗಳಲ್ಲಿ ಅಳತೆ ಮೇಲೆ ಹೇಳಿದಷ್ಟೇ. ಮೃಗಶಿರಾ ಹಿಡಿದು, ಬಟ್ಟೆ ಒಣಗದ ದಿನಗಳು ಶುರುವಾದಾಗ ಪಾಕವನ್ನು 15 ಮಿಲಿಲೀಟರಿಗೆ ಇಳಿಸಿ, ಶುಂಠಿಯನ್ನು ಒಂದೂವರೆ ಚಮಚಕ್ಕೆ ಏರಿಸುತ್ತೇನೆ, ಐಸ್ ಕಡಿಮೆ ಮಾಡುತ್ತೇನೆ. ಆರಿದ್ರಾ ಬರುವಷ್ಟರಲ್ಲಿ ಮುರುಗಲು ಪಾಕದ ಬಾಟಲಿ ಹೇಗೂ ಖಾಲಿಯಾಗಿರುತ್ತದೆ. ಆಮೇಲೆ ದೊಡ್ಡಪತ್ರೆಯ ಸರದಿ. ಅದರ ಎಲೆ ದಪ್ಪ, ವಾಸನೆ ಓಮಕ್ಕಿಂತ ಜೋರು. ಎರಡೇ ಎಲೆ, ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ.