ಫ್ಲೋಟಿನೊಳಗೆ ಅವಿತಿದ್ದ ಪೆಟ್ರೋಲ್

ವಾಸನೆ ಮೊದಲು ಹತ್ತಿದ್ದು ಅಮ್ಮನ ಮೂಗಿಗೆ. ಬೆಳಗ್ಗೆ ರಂಗೋಲಿ ಹಾಕಲು ಹೋದವರು ಬಾಗಿಲಿನಿಂದಲೇ ಕೂಗಿದರು, "ಯಾಕೋ ಸೀಮೆಎಣ್ಣೆ ವಾಸನೆ ಬರ್ತಿದೆ ಕಣೇ, ನೋಡು ಬಾ." ಸೀಮೆಎಣ್ಣೆ ಅಲ್ಲ, ಪೆಟ್ರೋಲ್. ಕಾರಿನ ಬಾನೆಟ್ ಎತ್ತಿದರೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬರೇಟರಿನ ಮೈಯೆಲ್ಲ ಒದ್ದೆ.

ನಮ್ಮದು 1982ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂದ ಕಾರಿಗೆ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅನ್ನೋ ಹೆಸರು ಬಂತು. ಆದರೆ ಮೈಸೂರಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲೂ ಅದು ಫಿಯಟ್ಟೇ. ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಸೋಲೆಕ್ಸ್ ಅನ್ನೋ ಕಂಪನಿಯ ಒಂದೇ ಒಂದು ಕಾರ್ಬರೇಟರ್. ನಾನು ಡ್ರೈವಿಂಗ್ ಕಲಿತದ್ದು ಇದರಲ್ಲೇ. ಅಪ್ಪನಿಗೆ ಈಗ 79. ಓಡಿಸುವುದು ಬಿಟ್ಟಿದ್ದಾರೆ. ಆದರೂ ದಿನಾ ಬೆಳಗ್ಗೆ ಹಳೇ ಪಂಚೆ ತುಂಡು ಹಿಡಿದು ಗಾಜು ಒರೆಸದಿದ್ದರೆ ಅವರಿಗೆ ಕಾಫಿ ಸೇರುವುದಿಲ್ಲ.

ಆ ವಾಸನೆ ಹಿಡಿದು ಕಾರು ಎರಡು ಗ್ಯಾರೇಜ್ ನೋಡಿ ಬಂತು. ಮೊದಲನೆಯವರು ಮುಚ್ಚಳದ ಸಂದಿ ಮುಚ್ಚುವ ಗ್ಯಾಸ್ಕೆಟ್ ಬದಲಿಸಿ, ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಬಲವಾಗಿ ಬಿಗಿದು ಕಳಿಸಿದ್ದರು. ಎರಡನೆಯವರು ಪೆಟ್ರೋಲ್ ಪಂಪನ್ನೇ ಹೊಸದು ಹಾಕಿದ್ದರು. ಎರಡು ಸಲವೂ ನಾಲ್ಕು ದಿನ ಸರಿ ಇದ್ದು ಮತ್ತೆ ಅದೇ ವಾಸನೆ. ಮೈಲೇಜ್ 12ರಿಂದ 8ಕ್ಕೆ ಇಳಿದಿತ್ತು. ತಣ್ಣಗಿದ್ದಾಗ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುವ ಗಾಡಿ, ತರಕಾರಿ ತರಲು ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹತ್ತಿಕೊಳ್ಳುತ್ತಿರಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಒಲೆ ಮಸಿಯಂತೆ ಕಪ್ಪು.

ದಸರಾ ರಜ ಬಂತು. ನಾನು ಹೈಸ್ಕೂಲ್ ಟೀಚರ್, ಕೈಯಲ್ಲಿ ಹದಿನೈದು ದಿನ ಇತ್ತು. ಈ ಸಲ ನಾನೇ ಬಿಚ್ಚುತ್ತೇನೆ ಅಂದೆ. ಅಪ್ಪ ಒಂದು ನಿಮಿಷ ಸುಮ್ನಿದ್ದು, "ಭಾಯ್‌ಗೆ ಫೋನ್ ಮಾಡು" ಎಂದರು.

ಭಾಯ್ ಅಂದರೆ ಈ ಕಾರನ್ನು ಇಪ್ಪತ್ತೈದು ವರ್ಷ ನೋಡಿಕೊಂಡ ಮೆಕ್ಯಾನಿಕ್. ಮೊಣಕಾಲು ನೋವಿಗೆ ಅಂಗಡಿ ಮುಚ್ಚಿ ಮಗಳ ಮನೆಯಲ್ಲಿದ್ದಾರೆ. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಒದ್ದೆ ಇರುವಾಗ ನೋಡಿದ್ರೆ ಏನೂ ಗೊತ್ತಾಗಲ್ಲಮ್ಮ. ಮೊದಲು ಪೂರ್ತಿ ಒಣಗಿಸಿ. ಆಮೇಲೆ ಎಲ್ಲಿ ಮೊದಲು ಒದ್ದೆ ಆಗ್ತದೆ ನೋಡಿ. ಏನೂ ಬಿಚ್ಚಬೇಡಿ."

ಇದು ಎರಡು ಗ್ಯಾರೇಜಿನಲ್ಲೂ ಯಾರೂ ಮಾಡದ ಕೆಲಸ. ಎಲ್ಲರೂ ಒದ್ದೆ ಕಂಡ ಕಡೆ ಕೈ ಹಾಕಿದ್ದರು. ಪೆಟ್ರೋಲ್ ಮೇಲಿಂದ ಹರಿದು ಕೆಳಗೆ ತೊಟ್ಟಿಕ್ಕುತ್ತದೆ, ದಾರಿಯಲ್ಲಿ ಅರ್ಧ ಆವಿಯಾಗಿಯೂ ಹೋಗುತ್ತದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಬೇಕೆಂದೇನೂ ಇಲ್ಲ.

ಕಾರನ್ನು ತಳ್ಳಿ ಅಂಗಳಕ್ಕೆ ತಂದೆವು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೆ. ಕಾರ್ಬರೇಟರನ್ನು ಬಟ್ಟೆಯಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಒಣಗಿಸಿದೆ. ನನ್ನ ಬ್ಯಾಗಿನಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಅದನ್ನು ತಂದು ಎಲ್ಲ ಜೋಡಣೆಗಳ ಮೇಲೂ ಉಜ್ಜಿದೆ. ಮುಚ್ಚಳ ಮತ್ತು ಪೆಟ್ರೋಲ್ ನಿಲ್ಲುವ ಬೌಲ್ ಕೂಡುವ ಗೆರೆ, ಪೈಪ್ ಸೇರುವ ಬಾಯಿ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟಿನ ಕೆಳಗಿನ ನಟ್, ಬದಿಯಲ್ಲಿ ನಾಲ್ಕು ಸ್ಕ್ರೂ ಹಾಕಿದ ಆಕ್ಸಿಲರೇಟರ್ ಪಂಪ್, ಥ್ರಾಟಲ್ ಶಾಫ್ಟಿನ ಎರಡೂ ತುದಿ. ಎಲ್ಲವೂ ಬೆಳ್ಳಗಾಯಿತು. ಅಪ್ಪ ಸೆಲ್ಫ್ ಹೊಡೆದರು. ನಾನು ಟಾರ್ಚ್ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತೆ.

ಎರಡು ನಿಮಿಷ ಏನೂ ಇಲ್ಲ. ಆಮೇಲೆ ಮುಚ್ಚಳದ ಗೆರೆಯಲ್ಲಿ, ಪೈಪ್ ಬರುವ ಕಡೆಗೆ, ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಮೂಡಿತು. ನೋಡುತ್ತಿದ್ದಂತೆ ಅದು ಅಗಲವಾಗಿ ಕೆಳಕ್ಕೆ ಇಳಿಯಿತು. ಉಳಿದ ಕಡೆಯೆಲ್ಲ ಸುಣ್ಣ ಹಾಗೇ ಬೆಳ್ಳಗಿತ್ತು. ಆ ಕ್ಷಣದ ಖುಷಿ ಹೇಳತೀರದು. ಒಂದೂವರೆ ತಿಂಗಳಿಂದ ಕಾಡಿದ್ದು ಕಣ್ಣೆದುರೇ ಗೆರೆ ಬರೆದು ತೋರಿಸಿತ್ತು.

ಗ್ಯಾಸ್ಕೆಟ್ ಹಾಳಾಗಿದೆ ಅಂತ ಅಲ್ಲಿಗೇ ಬಿಡಬಹುದಿತ್ತು. ಭಾಯ್ ಬಿಡಲಿಲ್ಲ. "ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಕಾರ್ಬರೇಟರಿನ ಗಂಟಲೊಳಗೆ ಟಾರ್ಚ್ ಬಿಡಿ" ಎಂದರು. ಬಿಟ್ಟೆ. ಇಂಜಿನ್ ನಿಂತಿದ್ದರೂ ಒಳಗಿನ ಹಿತ್ತಾಳೆ ನಳಿಕೆಯಿಂದ ಪೆಟ್ರೋಲ್ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಬಿಸಿಯಿದ್ದಾಗ ಯಾಕೆ ಸ್ಟಾರ್ಟ್ ಆಗುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು: ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ನಿಗೆ ಉಸಿರು ಕಟ್ಟುತ್ತಿತ್ತು.

ಬೌಲಿನಲ್ಲಿ ಪೆಟ್ರೋಲ್ ಎಷ್ಟಿರಬೇಕು ಅನ್ನೋದನ್ನು ಫ್ಲೋಟ್ ನೋಡಿಕೊಳ್ಳುತ್ತದೆ. ನಮ್ಮ ಓವರ್‌ಹೆಡ್ ಟ್ಯಾಂಕಿನ ಚೆಂಡಿನ ಹಾಗೇ. ಪೆಟ್ರೋಲ್ ಏರಿದಂತೆ ಫ್ಲೋಟ್ ತೇಲಿ, ಪೆಟ್ರೋಲ್ ಬರುವ ಬಾಯಲ್ಲಿರುವ ನೀಡಲ್ ಎಂಬ ಸೂಜಿಯನ್ನು ಮೇಲಕ್ಕೆ ಒತ್ತಿ, ದಾರಿ ಮುಚ್ಚುತ್ತದೆ. ಅದು ಮುಚ್ಚದಿದ್ದರೆ ಮಟ್ಟ ಏರುತ್ತಾ ಹೋಗುತ್ತದೆ. ಆಗ ನಳಿಕೆಯಿಂದ ಇಂಜಿನ್ನಿಗೆ ಸುರಿಯುತ್ತದೆ, ಮುಚ್ಚಳದ ಸಂದಿಯಿಂದ ಹೊರಗೂ ಬರುತ್ತದೆ. ಗ್ಯಾಸ್ಕೆಟ್ ಎಷ್ಟು ಹೊಸದಾದರೇನು? ಅದು ಅಣೆಕಟ್ಟಲ್ಲ. ಪೆಟ್ರೋಲ್ ಅದರವರೆಗೆ ಬರಲೇಬಾರದು.

ಬ್ಯಾಟರಿ ತಂತಿ ಕಳಚಿ ಕಾರ್ಬರೇಟರ್ ಇಳಿಸಿದೆ. ಕಳಚಿದ್ದನ್ನೆಲ್ಲ ಅಮ್ಮನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ವರಸೆಯಾಗಿ ಇಟ್ಟೆ. ಒಂದೊಂದು ಹಂತಕ್ಕೂ ಫೋಟೋ ತೆಗೆದೆ. ಬೌಲಿನ ತಳದಲ್ಲಿ ವಿಭೂತಿಯಂಥ ಬಿಳಿ ಪುಡಿ. ಈ ಬಾಡಿ ಸತುವಿನ ಮಿಶ್ರಲೋಹದ ಎರಕ, ನೀರು ತಾಕಿದರೆ ಹೀಗೆ ಪುಡಿ ಬಿಡುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಶುರುವಾಯಿತಲ್ಲ, ಅದರಲ್ಲಿ ಶೇಕಡ 20 ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ವಾರಕ್ಕೊಮ್ಮೆ ಹೊರಡುವ ಇಂಥ ಕಾರಿಗೆ ಅದು ಜಾಸ್ತಿ ಕಷ್ಟ. ಬೆರಳಲ್ಲಿ ಒತ್ತಿದರೆ ನಮ್ಮ ಪೈಪು ಹಲಸಿನ ತೊಳೆಯಂತೆ ಮೆತ್ತಗಾಗಿತ್ತು. ಎಥನಾಲ್ ತಡೆಯುವ ಹೊಸ ಪೈಪೇ ಬೇಕಿತ್ತು.

ಆಮೇಲೆ ಫ್ಲೋಟ್ ಎತ್ತಿಕೊಂಡೆ. ಹಿತ್ತಾಳೆಯ ಟೊಳ್ಳು ಡಬ್ಬಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಕುಲುಕಿತು! ಬಲಿತ ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ. ಅಪ್ಪನ ಕಿವಿಗೂ ಹಿಡಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಇದೇ" ಎಂದರು.

ತೇಲಬೇಕಾದದ್ದೇ ಪೆಟ್ರೋಲ್ ಕುಡಿದು ಭಾರವಾಗಿತ್ತು. ಆದರೆ ತೂತು ಎಲ್ಲಿ? ಗ್ಯಾಸ್ ಆರಿಸಿದ ಮೇಲೆ ಬಿಸಿ ನೀರನ್ನು ಅಂಗಳಕ್ಕೆ ತಂದು ಅದರಲ್ಲಿ ಮುಳುಗಿಸಿದೆ. ಬೆಸುಗೆಯ ಗೆರೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅಲ್ಲಿ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟೆ. ಎದುರು ಬದಿಯಲ್ಲಿ ಸೂಜಿಯಷ್ಟು ಇನ್ನೊಂದು ತೂತು ಮಾಡಿ ಪೆಟ್ರೋಲ್ ಬಸಿಯಲು ಭಾಯ್ ಹೇಳಿದ್ದರು. ಬಸಿದು, ಬಿಸಿ ನೀರಲ್ಲಿ ಮತ್ತೆ ಮತ್ತೆ ಅದ್ದಿ, ಎರಡು ದಿನ ಬಿಸಿಲಿಗೆ ಇಟ್ಟೆ. ಇದರಲ್ಲಿ ಅವಸರ ಮಾಡಲೇಬಾರದು. ಒಳಗೆ ಪೆಟ್ರೋಲ್ ಆವಿ ಇರುವಾಗ ಕಾಯಿಸಿದರೆ ಅದು ಸಿಡಿಯುತ್ತದೆ.

ಬೀದಿ ಕೊನೆಯ ಟಿವಿ ರಿಪೇರಿ ಅಂಗಡಿಯವರು ಬೆಸುಗೆ ಹಾಕಿಕೊಟ್ಟರು. ಮೊದಲು ಬೆಸುಗೆ ಗೆರೆಯ ತೂತು, ಅದು ತಣ್ಣಗಾದ ಮೇಲೆ ನಾವು ಮಾಡಿದ ತೂತು. ಎರಡನ್ನೂ ಒಟ್ಟಿಗೆ ಮುಚ್ಚಿದರೆ ಒಳಗಿನ ಬಿಸಿ ಗಾಳಿ ಬೆಸುಗೆಯನ್ನೇ ಒಡೆದುಕೊಂಡು ಬರುತ್ತದೆ. ಸೀಸ ಜಾಸ್ತಿಯಾದರೆ ಫ್ಲೋಟ್ ಮತ್ತೆ ಭಾರವಾಗುತ್ತದಲ್ಲ, ಅದಕ್ಕೆ ಪಕ್ಕದ ಆಚಾರ್ರ ಅಂಗಡಿಗೆ ಹೋಗಿ ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆ. ಬಿಚ್ಚಿದ ದಿನವೂ ಅಲ್ಲೇ ತೂಗಿಸಿದ್ದೆ. ಆವತ್ತಿಗಿಂತ 4 ಗ್ರಾಂ ಕಮ್ಮಿ ಬಂತು. ಆಚಾರ್ರು ಕನ್ನಡಕ ಏರಿಸಿ ಇನ್ನೊಮ್ಮೆ ತೂಗಿ, ಉಬ್ಬಿದ್ದ ಸೀಸವನ್ನು ತಮ್ಮದೇ ಅರದಿಂದ ಉಜ್ಜಿ ತೆಗೆದರು. ಕಾಸು ತೆಗೆದುಕೊಳ್ಳಲಿಲ್ಲ.

ರಿಪೇರಿ ಕಿಟ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿಬಂದೆ. ಹೊಸ ನೀಡಲ್ ವಾಲ್ವ್, ಗ್ಯಾಸ್ಕೆಟ್, ಡಯಾಫ್ರಮ್, ವಾಷರ್‌ಗಳು. ಈ ವಾಷರ್ ವಿಷಯ ಹೇಳಲೇಬೇಕು. ಸೋಲೆಕ್ಸ್‌ನಲ್ಲಿ ನೀಡಲ್ ವಾಲ್ವಿನ ಕೆಳಗೆ ಕೂರುವ ವಾಷರ್ ಎಷ್ಟು ದಪ್ಪವೋ ಅದರ ಮೇಲೆ ಬೌಲಿನ ಮಟ್ಟ ನಿಲ್ಲುತ್ತದೆ. ತೆಳ್ಳಗಾದರೆ ಮಟ್ಟ ಏರುತ್ತದೆ, ದಪ್ಪವಾದರೆ ಇಳಿಯುತ್ತದೆ. ನಮ್ಮ ಕಾರಿನಲ್ಲಿ ಅಲ್ಲಿ ವಾಷರ್ರೇ ಇರಲಿಲ್ಲ. ಯಾರೋ ಯಾವಾಗಲೋ ಕಳಚಿ ಹಾಕುವುದು ಮರೆತಿದ್ದರು. ಫ್ಲೋಟ್ ಒಂದನ್ನೇ ಸರಿ ಮಾಡಿದ್ದರೆ ಅರ್ಧ ಕೆಲಸವೇ ಆಗುತ್ತಿತ್ತು.

ಮುಚ್ಚಳವೂ ಸೊಟ್ಟಗಾಗಿತ್ತು. ಸೋರುತ್ತದೆ ಅಂತ ಬಿಗಿದಷ್ಟೂ ಮೆತ್ತನೆ ಲೋಹ ಸ್ಕ್ರೂ ಇರುವಲ್ಲಿ ತಗ್ಗಿ, ನಡುವೆ ಮೇಲಕ್ಕೆ ಉಬ್ಬುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಮೊದಲು ಸ್ಕ್ರೂ ಇರುವ ಜಾಗಗಳು ಹೊಳೆದವು. ಆಮೇಲೆ ಹೊಳಪು ನಿಧಾನವಾಗಿ ಸುತ್ತಲೂ ಕೂಡಿಕೊಂಡಿತು. ಜೆಟ್‌ಗಳಿಗೆ ಗಾಳಿ ಮಾತ್ರ ಹೊಡೆದೆ. ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ.

ಎಲ್ಲ ಜೋಡಿಸಿ, ಸ್ಕ್ರೂಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿದೆ. ಇಂಜಿನ್ ಆಯಿಲನ್ನೂ ಬದಲಿಸಿದೆ. ಇಷ್ಟು ದಿನ ಒಳಗೆ ಸುರಿದ ಪೆಟ್ರೋಲ್ ಆಯಿಲಿಗೆ ಇಳಿದು, ಡಿಪ್ ಸ್ಟಿಕ್ ಮೂಸಿದರೆ ಬಂಕಿನ ವಾಸನೆ ಬರುತ್ತಿತ್ತು. ಸೋರಿಕೆ ನಿಲ್ಲಿಸಿ, ಪೆಟ್ರೋಲ್ ಬೆರೆತು ತೆಳ್ಳಗಾದ ಆಯಿಲ್ ಹಾಗೇ ಬಿಟ್ಟರೆ ಬೇರಿಂಗ್ ತಿಂದುಹೋಗುತ್ತದೆ. ದಯವಿಟ್ಟು ಯಾರೂ ಇದನ್ನು ಮರೆಯಬೇಡಿ.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣದವರೆಗೆ ಹೋದೆ. ಕಾಫಿ ಕುಡಿದು, ಬೇಕೆಂದೇ ಹತ್ತು ನಿಮಿಷ ಜಾಸ್ತಿ ಕೂತೆವು. ವಾಪಸ್ ಬಂದು ಕೀ ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿಕೊಂಡಿತು. ಅಪ್ಪ ಏನೂ ಹೇಳಲಿಲ್ಲ, ಡ್ಯಾಶ್‌ಬೋರ್ಡ್ ಮೇಲೆ ಎರಡು ಸಲ ಅಂಗೈ ಆಡಿಸಿದರು.

ಮನೆಗೆ ಬಂದ ಮೇಲೆ ಜೋಡಣೆಗಳಿಗೆಲ್ಲ ಮತ್ತೆ ಸೀಮೆಸುಣ್ಣ ಉಜ್ಜಿ ಬಾನೆಟ್ ಇಳಿಸಿದೆ. ಬೆಳಗ್ಗೆ ನಾನು ಏಳುವ ಮೊದಲೇ ಅಪ್ಪ ಟಾರ್ಚ್ ಹಿಡಿದು ಅಂಗಳದಲ್ಲಿದ್ದರು. ಅಮ್ಮ ರಂಗೋಲಿ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಪುಟ್ಟಿ, ಬಾ ಇಲ್ಲಿ" ಎಂದು ಅಪ್ಪ ಕೂಗಿದರು. "ನೋಡು, ಎಲ್ಲ ಬೆಳ್ಳಗಿದೆ."